ಮೇಲಿನ ಟ್ಯಾಬ್

ಅಕ್ಕ ಬೆಳಗ್ಗೆ ಎದ್ದ ಕೂಡಲೇ ಮಾಡುತ್ತಿದ್ದ ಮೊದಲ ಕೆಲಸ ಯಾರಿಗೂ ಗೊತ್ತಿರಲಿಲ್ಲ. ಮುಖ ತೊಳೆಯುವ ಮುಂಚೆಯೇ ಫೋನಿನಲ್ಲಿ ರೂಟರಿನ ಪುಟ ತೆರೆದು ‘ಸಂಪರ್ಕದಲ್ಲಿರುವ ಸಾಧನಗಳು’ ಎಂಬ ಪಟ್ಟಿಯನ್ನು ನೋಡುವಳು. ಅದರಲ್ಲಿ ಮೂರೇ ಹೆಸರು: ಕೆಳಗಿನ ಫೋನ್, ಮೇಲಿನ ಫೋನ್, ಮೇಲಿನ ಟ್ಯಾಬ್. ಹೆಸರಿಟ್ಟವಳೂ ಅವಳೇ. ರಾತ್ರಿ ಫೋನ್ ಆರಿಸಿ ಮಲಗುವುದು ತಂಗಿಯ ಅಭ್ಯಾಸ. ಹಾಗಾಗಿ ಮೇಲಿನ ಫೋನಿನ ಎದುರು ಹಸಿರು ಚುಕ್ಕೆ ಬಂತೆಂದರೆ ತಂಗಿ ಎದ್ದಳು ಎಂದರ್ಥ. ಟ್ಯಾಬ್ ಹಸಿರಾದರೆ ಅವಳು ಆನ್‌ಲೈನಿನಲ್ಲಿ ಹೇಳಿಕೊಡುವ ಹೊಲಿಗೆ ಕ್ಲಾಸು ಶುರುವಾಯಿತು. ಎರಡೂ ಬೂದಿ ಬಣ್ಣಕ್ಕೆ ತಿರುಗಿದರೆ ಹೊರಗೆಲ್ಲೋ ಹೋಗಿದ್ದಾಳೆ. ಒಂದೇ ಮನೆಯ ಕೆಳಗೂ ಮೇಲೂ ಇದ್ದುಕೊಂಡು ಎಂಟು ತಿಂಗಳಿಂದ ಮಾತು ಬಿಟ್ಟಿದ್ದ ಅಕ್ಕತಂಗಿಯರ ನಡುವೆ ಉಳಿದಿದ್ದ ಸುದ್ದಿ ಇಷ್ಟೇ.

ಮಾತು ಬಿಟ್ಟದ್ದಕ್ಕೆ ಕಾರಣ ಸಣ್ಣದೇನಲ್ಲ. ಅಕ್ಕ ಮೂವತ್ತೊಂದು ವರ್ಷ ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಾಲಯವನ್ನು ನೋಡಿಕೊಂಡವಳು. ಹುಡುಗರು ಬೆನ್ನ ಹಿಂದೆ ‘ಲೇಬಲ್ ಮೇಡಂ’ ಎನ್ನುತ್ತಿದ್ದರು. ಹೆಸರು, ತಾರೀಖು, ಸಹಿ ಇಲ್ಲದ ಸೀಸೆಯಲ್ಲಿ ಏನೇ ಇರಲಿ, ಸೀದಾ ಹೊರಗೆ. ನಿವೃತ್ತಿಯಾದ ಮೇಲೆ ಆ ನಿಯಮ ಮನೆಗೂ ಬಂತು. ಕಳೆದ ವರ್ಷ ಬಣ್ಣ ಹೊಡೆಸುವಾಗ ಅಟ್ಟ ಖಾಲಿ ಮಾಡಿದಳು. ಅಲ್ಲೊಂದು ದೊಡ್ಡ ಕಟ್ಟು, ಕಂದು ಕಾಗದದ ಚಿತ್ರವಿಚಿತ್ರ ಆಕಾರದ ತುಂಡುಗಳು. ಹೆಸರಿಲ್ಲ, ತಾರೀಖಿಲ್ಲ. ರದ್ದಿಗೆ ಹಾಕಿದಳು. ಅವು ದರ್ಜಿಯಾದ ತಂಗಿ ಇಪ್ಪತ್ತನೆಯ ವಯಸ್ಸಿನಿಂದ ಒಂದೊಂದಾಗಿ ಕತ್ತರಿಸಿ ಕೂಡಿಟ್ಟಿದ್ದ ಉಡುಪಿನ ಮಾದರಿಗಳು. ಊರಿನ ಅರ್ಧ ಜನರ ಭುಜ, ಸೊಂಟ, ತೋಳು ಆ ಕಟ್ಟಿನಲ್ಲಿದ್ದವು.

ವಿಷಯ ತಿಳಿದು ತಂಗಿ ಬಿಳಿಚಿಕೊಂಡು ನಿಂತಾಗ ಅಕ್ಕ ಹೇಳಬೇಕಾದ ಮಾತು ಒಂದಿತ್ತು. ಅದನ್ನು ಬಿಟ್ಟು, “ಲೇಬಲ್ ಇರ್ಲಿಲ್ವಲ್ಲೇ” ಎಂದುಬಿಟ್ಟಳು.

ತಂಗಿ ಮೆಟ್ಟಿಲು ಹತ್ತಿದಳು. ಮಾತಿನ ಮಟ್ಟಿಗೆ ಇನ್ನೂ ಕೆಳಗಿಳಿದಿರಲಿಲ್ಲ.

ಈಗ ಮೂರು ವಾರದಿಂದ ಮೇಲಿನ ಟ್ಯಾಬಿನ ಚುಕ್ಕೆ ಕಣ್ಣು ಮಿಟುಕಿಸತೊಡಗಿತ್ತು. ಹಸಿರು, ಬೂದಿ, ಮತ್ತೆ ಹಸಿರು. ಅಕ್ಕ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದಿಟ್ಟಳು: ಒಂದು ಗಂಟೆಯ ಹೊಲಿಗೆ ಕ್ಲಾಸಿನಲ್ಲಿ ಒಂಬತ್ತು ಸಲ ಸಂಪರ್ಕ ಕಡಿದಿದೆ. “ಕೇಳಿಸ್ತಿದೆಯಾ? ಕತ್ತರಿ ಕಾಣಿಸ್ತಿದೆಯಾ?” ಎಂದು ತಂಗಿ ಗಂಟಲು ಹರಿದುಕೊಳ್ಳುವುದು ಛಾವಣಿಯಿಂದ ಇಳಿದು ಬರುತ್ತಿತ್ತು. ಒಂದು ಮಧ್ಯಾಹ್ನ ಕಸದ ಬುಟ್ಟಿಯ ಪಕ್ಕ ಬೇರೊಂದು ಇಂಟರ್‌ನೆಟ್ ಕಂಪನಿಯ ಚೀಟಿ ಬಿದ್ದಿತ್ತು. ಫೋನ್ ನಂಬರಿನ ಕೆಳಗೆ ಸೀಮೆಸುಣ್ಣದ ಗೆರೆ. ದರ್ಜಿಯವರ ಸೀಮೆಸುಣ್ಣ. ಅಕ್ಕ ಚೀಟಿಯನ್ನು ಎರಡು ಸಲ ಓದಿದಳು. ತಂಗಿ ಬೇರೆ ಸಂಪರ್ಕ ತೆಗೆದುಕೊಂಡರೆ ಪಟ್ಟಿಯಲ್ಲಿ ಉಳಿಯುವುದು ಒಂದೇ ಹೆಸರು. ಎದ್ದಳೋ ಇಲ್ಲವೋ ಎಂಬುದೂ ಆಮೇಲೆ ಗೊತ್ತಾಗುವುದಿಲ್ಲ.

ಮರುದಿನ ಬೆಳಗ್ಗೆ ಅಂಗಡಿ ತೆರೆಯುವ ಹೊತ್ತಿಗೇ ಹಳೆಯ ರೂಟರನ್ನು ಚೀಲದಲ್ಲಿ ಹಾಕಿಕೊಂಡು ಹೋದಳು. ಅಂಗಡಿಯವಳು ಅದನ್ನು ಮಗುಚಿ ನೋಡಿ ನಕ್ಕಳು.

“ಎಷ್ಟು ವರ್ಷ ಆಯ್ತಮ್ಮ ಇದಕ್ಕೆ?”

“ಹನ್ನೊಂದು ವರ್ಷ, ನಾಲ್ಕು ತಿಂಗಳು.”

“ಹುಟ್ಟಿದ ಹಬ್ಬ ಬೇರೆ ಮಾಡ್ತಿದ್ರಾ? ಬಿಸಿಗೆ ಪ್ಲಾಸ್ಟಿಕ್ಕೇ ಹಳದಿಯಾಗಿದೆ ನೋಡಿ. ಪಾಪ, ಇದನ್ನ ಇನ್ನು ದುಡಿಸ್ಬೇಡಿ.” ಹೊಸದರ ಡಬ್ಬ ತೆಗೆದು ಮುಂದಿಟ್ಟಳು. “ಒಂದು ಗುಟ್ಟು ಹೇಳ್ತೀನಿ. ಹೊಸದಕ್ಕೂ ಹಳೇ ಹೆಸರು, ಹಳೇ ಪಾಸ್‌ವರ್ಡೇ ಕೊಟ್ಬಿಡಿ. ಮನೇಲಿರೋ ಫೋನು, ಟ್ಯಾಬು ಎಲ್ಲಾ ತಾವಾಗೇ ಬಂದು ಸೇರ್ಕೊಳ್ತಾವೆ. ಬದಲಾಯಿಸಿದ್ದು ಯಾರಿಗೂ ಗೊತ್ತೇ ಆಗಲ್ಲ.”

ಯಾರಿಗೂ ಗೊತ್ತೇ ಆಗಲ್ಲ. ದಾರಿಯುದ್ದಕ್ಕೂ ಆ ಮಾತು ಅಕ್ಕನ ತಲೆ ಕೊರೆಯಿತು. ತಾನು ಓಡಾಡಿ ಹೊಸದು ತಂದು ಕೂರಿಸುವುದು, ತಂಗಿ ಮೇಲೆ ಕುಳಿತು ಏನೂ ಆಗಿಲ್ಲವೆಂಬಂತೆ ಪಾಠ ಹೇಳುವುದು, ಮತ್ತೆ ಎಂಟು ತಿಂಗಳು! ಅದರ ಬದಲು, ಪಾಸ್‌ವರ್ಡ್ ಬೇರೆಯಾಗಿದ್ದರೆ? ಕೇಳುವುದಕ್ಕಾದರೂ ಇಳಿದು ಬರಬೇಕಲ್ಲ. ‘ಅಕ್ಕಾ, ಪಾಸ್‌ವರ್ಡ್ ಏನೇ?’ ಅಷ್ಟು ಸಾಕು. ಉಳಿದದ್ದು ತಾನಾಗಿ ಬಂದೀತು.

ಹತ್ತು ಗಂಟೆಗೆ ಹೊಸ ರೂಟರು ಹಳೆಯದರ ಜಾಗದಲ್ಲಿ ಕುಳಿತಿತು. ಜಾಗವೆಂದರೆ ಮೂರು ವಾರದ ಹಿಂದೆ ಕಾಲೇಜಿನ ಹರಾಜಿನಲ್ಲಿ ತಂದ ಉಕ್ಕಿನ ಬೀರು. ಮುಂದೆ ಗಾಜಿನ ಬಾಗಿಲು, ಧೂಳು ಒಳಗೆ ಹೋಗುವ ಮಾತೇ ಇಲ್ಲ. ತಂತಿ ಹಾಯಿಸಲು ಬೆನ್ನಿಗೊಂದು ತೂತನ್ನು ಅಕ್ಕನೇ ಕೊರೆದಿದ್ದಳು. ಹೊಸ ಪಾಸ್‌ವರ್ಡ್ ಕೊಟ್ಟು, ಅದನ್ನು ಚೀಟಿಯಲ್ಲಿ ಬರೆದು, ತಾರೀಖು ಹಾಕಿ, ಸಹಿ ಮಾಡಿ, ಮೇಜಿನ ಮೇಲಿಟ್ಟಳು. ಪಟ್ಟಿ ತೆರೆದಳು. ಕೆಳಗಿನ ಫೋನ್ ಒಂದೇ. ಕುರ್ಚಿಯನ್ನು ಮೆಟ್ಟಿಲು ಕಾಣುವ ಹಾಗೆ ತಿರುಗಿಸಿ ಕುಳಿತಳು.

ಹತ್ತೂವರೆಗೆ ಮೇಲೆ ಮೇಜು ಎಳೆದ ಸದ್ದು. ಮುಕ್ಕಾಲಿಗೆ ಹೆಜ್ಜೆಗಳು ಈ ಗೋಡೆಯಿಂದ ಆ ಗೋಡೆಗೆ. ಆಮೇಲೆ ಮೆಟ್ಟಿಲ ತುದಿಗೆ ಬಂದು ನಿಂತವು. ಅಕ್ಕ ಚೀಟಿಯತ್ತ ಕೈ ಚಾಚಿದಳು. ಹೆಜ್ಜೆಗಳು ಹಿಂದಕ್ಕೆ ಹೋದವು.

‘ಹಟಮಾರಿ’ ಎಂದು ಅಕ್ಕ ಮನಸ್ಸಿನಲ್ಲೇ ಬೈದಳು. ಹನ್ನೊಂದು ಗಂಟೆಯ ಕ್ಲಾಸಿಗೆ ಎಂಟು ನಿಮಿಷವಿತ್ತು.

ಆ ಮನೆಯಲ್ಲಿ ಫೋನಿನ ಸಿಗ್ನಲ್ ಸಿಗುತ್ತಿದ್ದದ್ದು ಮೆಟ್ಟಿಲ ಮೇಲಿನ ಕಿಟಕಿಯೊಂದರ ಬಳಿ ಮಾತ್ರ, ಅದೂ ಮಾತಾಡುವಷ್ಟಕ್ಕೆ. ತಂಗಿ ಅಲ್ಲಿಗೆ ಬಂದು ಶಿಷ್ಯೆಯೊಬ್ಬಳಿಗೆ ಫೋನ್ ಮಾಡಿದಳು. ಪ್ರತಿ ಮಾತೂ ಕೆಳಗೆ ಕೇಳಿಸುತ್ತಿತ್ತು.

“ಹೂಂ ಕಣೇ, ಇಲ್ಲಿ ನೆಟ್ ಇಲ್ಲ. ಎಲ್ಲರಿಗೂ ಹೇಳು, ಹೊರಟುಹೋಗ್ಬೇಡಿ ಅಂತ... ಇಲ್ಲ ಇಲ್ಲ, ರದ್ದೇನಿಲ್ಲ. ನಮ್ಮಕ್ಕ ಕೆಳಗೆ ಏನೋ ರಿಪೇರಿ ಮಾಡ್ತಿದ್ದಾಳೆ. ಬೆಳಗ್ಗೆ ಹೊಸ ಡಬ್ಬ ಹಿಡ್ಕೊಂಡು ಬಂದಿದ್ದನ್ನ ನೋಡ್ದೆ... ಅಯ್ಯೋ, ಅವಳು ಕೈ ಹಾಕಿದ್ಮೇಲೆ ಮುಗೀತು. ಸರಿ ಮಾಡ್ದೆ ಏಳೋಳಲ್ಲ. ಮಧ್ಯೆ ಹೋಗಿ ಕೆಣಕಬಾರ್ದು ಅಷ್ಟೇ.”

ಅಕ್ಕನ ಕಿವಿ ಬೆಚ್ಚಗಾಯಿತು. ಪ್ರಯೋಗಾಲಯದಲ್ಲಿ ಅಷ್ಟು ವರ್ಷ ಹುಡುಗರ ಸುಳ್ಳು ಅಂಕಿಗಳನ್ನು ಕಣ್ಣಳತೆಯಲ್ಲೇ ಹಿಡಿದವಳಿಗೆ ಈಗ ತನ್ನ ಸುಳ್ಳನ್ನು ತಾನೇ ಹಿಡಿದಂತಾಯಿತು. ಮೇಲಿನವಳು ಹಟ ಹಿಡಿದು ಕುಳಿತಿರಲಿಲ್ಲ. ಅಕ್ಕನನ್ನು ನಂಬಿ ಕಾಯುತ್ತಿದ್ದಳು.

ಹಳೆಯ ಪಾಸ್‌ವರ್ಡನ್ನೇ ಮತ್ತೆ ಕೊಟ್ಟುಬಿಡಲು ಒಂದು ನಿಮಿಷ ಸಾಕು. ಯಾರಿಗೂ ಗೊತ್ತೇ ಆಗಲ್ಲ. ಅಕ್ಕ ಫೋನ್ ಕೈಗೆತ್ತಿಕೊಂಡಳು, ಕೆಳಗಿಟ್ಟಳು. ಮೇಜಿನ ಮೇಲಿದ್ದ ಚೀಟಿ ತೆಗೆದುಕೊಂಡು ಮೆಟ್ಟಿಲು ಹತ್ತಿದಳು.

ಬಾಗಿಲು ತೆರೆದೇ ಇತ್ತು. ತಂಗಿ ಟ್ಯಾಬನ್ನು ಮೇಜಿನ ಮೇಲೆ ಕ್ಯಾಮರಾ ಬಗ್ಗಿಸಿ ನಿಲ್ಲಿಸಿದ್ದಳು. ಕೆಳಗೆ ಕಂದು ಕಾಗದ, ಅಳತೆಪಟ್ಟಿ, ಕತ್ತರಿ. ಅಕ್ಕನನ್ನು ಕಂಡು ಅವಳ ಹುಬ್ಬು ಮೇಲೇರಿತು. ಅಕ್ಕ ಚೀಟಿ ಚಾಚಿದಳು. ತಂಗಿ ಚೀಟಿ ನೋಡಿ ಟ್ಯಾಬಿನಲ್ಲಿ ಪಾಸ್‌ವರ್ಡ್ ಒತ್ತಿದಳು. ಟ್ಯಾಬ್ ಸುತ್ತಿತು, ಸುತ್ತಿತು, ಸೇರಿತು. ಪರದೆಯ ಮೇಲೆ ಪುಟ್ಟ ಪುಟ್ಟ ಮುಖಗಳು ಮೂಡಿ, ಬಾಯಿ ತೆರೆದು, ಹಾಗೇ ಕಲ್ಲಾದವು.

“ಹೊಸದಂತೆ ಹೊಸದು!” ಎಂದಳು ತಂಗಿ. ಮಾತು ಬಿಟ್ಟದ್ದನ್ನು ಅವಸರದಲ್ಲಿ ಮರೆತೇಬಿಟ್ಟಿದ್ದಳು. “ಎಲ್ಲಿಟ್ಟಿದ್ದೀಯೇ ಅದನ್ನ?”

“ಅದೇ... ಬೀರುವಿನಲ್ಲಿ.”

“ಉಕ್ಕಿನ ಬೀರುವಿನಲ್ಲಾ? ಇಷ್ಟು ದಿನ ಅದರೊಳಗೇ ಇತ್ತಾ? ಅಲ್ಲ ಕಣೇ, ನಾಲ್ಕು ಕಡೆ ಲೋಹ ಇದ್ರೆ ಅಲೆ ಹೊರಗೆ ಬರಲ್ಲ ಅಂತ ನಂಗೇ ಗೊತ್ತು. ನೀನು ಸೈನ್ಸ್ ಓದಿದೋಳು!”

“ಮೂರು ಕಡೆ. ಮುಂದೆ ಗಾಜಿದೆ.” ಅಕ್ಕನ ದನಿ ಇಳಿಯಿತು. “ಮೇಲ್ಗಡೆಯೂ ಉಕ್ಕೇ ಅನ್ನು. ಧೂಳಾಗ್ಬಾರ್ದು ಅಂತ ಇಟ್ಟೆ. ಫಿಸಿಕ್ಸ್ ನನ್ನ ಸಬ್ಜೆಕ್ಟ್ ಅಲ್ಲ.”

“ಹೋಗು, ಈಚೆಗೆ ತೆಗಿ! ಓಡು!”

ಅರವತ್ತನಾಲ್ಕು ವರ್ಷದ ಅಕ್ಕ ಓಡಿದಳು. ತಂತಿಗಳನ್ನು ಬೀರುವಿನ ಬೆನ್ನಿನಿಂದ ಎಳೆದು, ವಿದ್ಯುತ್ತಿಗೆ ಉದ್ದನೆಯ ಬೋರ್ಡ್ ಜೋಡಿಸಿ, ರೂಟರನ್ನು ಎತ್ತಿಕೊಂಡು ಹೊರಟಳು. ಇಂಟರ್‌ನೆಟ್ಟಿನ ತಂತಿ ಏಳನೆಯ ಮೆಟ್ಟಿಲಿಗೆ ಬಿಗಿಯಾಯಿತು. ಮೆಟ್ಟಿಲ ಮೇಲಿಟ್ಟರೆ ಜಾರುತ್ತದೆ, ಗೋಡೆಗೆ ಒರಗಿಸಿದರೆ ಮಗುಚುತ್ತದೆ. ಕೊನೆಗೆ ಏಳನೆಯ ಮೆಟ್ಟಿಲ ಮೇಲೆ ತಾನೇ ಕುಳಿತು, ತೊಡೆಯ ಮೇಲೆ ಇಟ್ಟುಕೊಂಡಳು.

“ಬಂತು!” ಮೇಲಿನಿಂದ ಕೂಗು. “ಹಾಗೇ ಇರು, ಅಲ್ಲಾಡ್ಬೇಡ!”

ಅಕ್ಕ ಅಲ್ಲಾಡಲಿಲ್ಲ. ರೂಟರು ತೊಡೆಯ ಮೇಲೆ ಬೆಕ್ಕಿನ ಮರಿಯಷ್ಟು ಬೆಚ್ಚಗಿತ್ತು. ಒಂದು ಗಂಟೆ ಪೂರ್ತಿ ತಂಗಿಯ ಪಾಠ ಕೇಳಿದಳು. ಇಷ್ಟು ವರ್ಷದಲ್ಲಿ ಕೇಳಿದ್ದು ಇದೇ ಮೊದಲು. ಇವತ್ತಿನ ಪಾಠ ತೋಳಿನದು. ತಂಗಿ ಹೇಳುತ್ತಿದ್ದಳು: “ಈ ಬಾಗು ನೋಡಿ. ಒಬ್ಬರು ಬೇಕರಿಯವರಿದ್ರು, ಇಡೀ ಜನ್ಮ ಹಿಟ್ಟು ನಾದಿ ನಾದಿ ಬಲಗಡೆ ಭುಜ ಒಂದು ಬೆರಳು ಇಳಿದುಹೋಗಿತ್ತು. ಅವರಿಗೋಸ್ಕರ ಕತ್ತರಿಸಿದ್ದೆ. ಮೂಲ ಕಾಗದ ಈಗಿಲ್ಲ. ಕೈಗೆ ಎಷ್ಟು ನೆನಪಿದೆಯೋ ಅಷ್ಟು ಬರೀತಿದ್ದೀನಿ. ಇಲ್ಲಿ ಸರಿಯಾಗಿದೆ... ಇಲ್ಲಿ, ಕಂಕುಳ ಹತ್ರ, ಹೇಗಿತ್ತೋ. ನೆನಪಾಗ್ತಿಲ್ಲ. ಇರ್ಲಿ, ಅಂದಾಜಿಗೆ ಎಳೆಯೋಣ.”

ಕಾಗದ ಇಲ್ಲವಾದದ್ದು ಹೇಗೆಂದು ಶಿಷ್ಯೆಯರಲ್ಲಿ ಯಾರೋ ಕೇಳಿರಬೇಕು. ಕತ್ತರಿ ಮೇಜಿನ ಮೇಲಿಟ್ಟ ಸದ್ದಾಯಿತು. ಆಮೇಲೆ ತಂಗಿ, “ಮನೆ ಬದಲಾಯಿಸೋವಾಗ ಎಲ್ಲೋ ಹೋಯ್ತು” ಎಂದಳು.

ಅವಳು ಹುಟ್ಟಿದಂದಿನಿಂದ ಈ ಮನೆ ಬಿಟ್ಟು ಕದಲಿದವಳಲ್ಲ. ಅಕ್ಕ ಕಣ್ಣೊರೆಸಿಕೊಳ್ಳಲು ಕೈ ಎತ್ತಿದಳು. “ಅಲ್ಲಾಡ್ಬೇಡ ಅಂದ್ನಲ್ಲ!” ಎಂದು ಬೈಗುಳ ಬಂತು. ಹಾಗೇ ಬಿಟ್ಟಳು.

ಹನ್ನೆರಡು ಹೊಡೆದ ಮೇಲೆ ತಂಗಿ ಹೊರಗೆ ಬಂದು ಎಂಟನೆಯ ಮೆಟ್ಟಿಲ ಮೇಲೆ ಕುಳಿತಳು. ಈಗ ಅವಸರವಿರಲಿಲ್ಲ, ಬಿಟ್ಟ ಮಾತು ಇಬ್ಬರಿಗೂ ನೆನಪಾಗಿತ್ತು.

“ಪಾಸ್‌ವರ್ಡ್ ಬೇಕು ಅಂತಲೇ ಬದಲಾಯಿಸ್ದೆ,” ಎಂದಳು ಅಕ್ಕ, ರೂಟರಿನ ಹಸಿರು ದೀಪಗಳನ್ನೇ ನೋಡುತ್ತ. “ನೀನಾಗೇ ಇಳಿದು ಬಂದು ಕೇಳ್ಲಿ ಅಂತ.”

“ಏನಂದೆ?” ತಂಗಿ ಎದ್ದೇ ನಿಂತಳು. “ಮೂವತ್ತು ಜನ ಕಾಯ್ತಿದ್ರು ಕಣೇ ಅಲ್ಲಿ! ನಾನಿಲ್ಲಿ ಎಲ್ಲರಿಗೂ ನಿನ್ನ ಗುಣಗಾನ ಮಾಡ್ತಾ ಕೂತಿದ್ದೀನಿ...”

“ಕೇಳಿಸ್ತು. ಅದಕ್ಕೇ ಹತ್ತಿ ಬಂದೆ. ಮತ್ತೆ, ಆ ಕಾಗದದ ಕಟ್ಟು.” ಅಕ್ಕ ನಿಲ್ಲಿಸಿ ಮತ್ತೆ ಶುರುಮಾಡಿದಳು. “ನಿನ್ನ ಕೇಳ್ಬೇಕಿತ್ತು. ಕೇಳ್ಲಿಲ್ಲ. ಆಮೇಲೆ ಲೇಬಲ್ ಗಿಬಲ್ ಅಂತ ಏನೋ ಅಂದೆ. ತಪ್ಪು ನಂದು. ದೊಡ್ಡ ತಪ್ಪು.”

ತಂಗಿ ನಿಧಾನವಾಗಿ ಮತ್ತೆ ಕುಳಿತಳು. ಆಮೇಲೆ ಶುರುವಾಯಿತು: ಎಂಟು ತಿಂಗಳ ಬೈಗುಳ, ಒಂದೂ ಬಾಕಿ ಬಿಡದೆ. ಬೇಕರಿಯವರ ಭುಜದಿಂದ ಹಿಡಿದು ಅಡುಗೆಮನೆಯ ಉಪ್ಪಿನ ಡಬ್ಬಕ್ಕೆ ಅಂಟಿಸಿದ ತಾರೀಖಿನವರೆಗೆ. ಬೈಯುತ್ತ ಬೈಯುತ್ತ ಅತ್ತಳು, ಅಳುತ್ತ ಅಳುತ್ತ ಇನ್ನೊಂದಿಷ್ಟು ಬೈದಳು. ಅಕ್ಕ ಹಸಿದವರು ಉಣ್ಣುವ ಹಾಗೆ ಕೇಳುತ್ತಿದ್ದಳು.

“ಮೂರು ಗಂಟೆಗೆ ಇನ್ನೊಂದು ಕ್ಲಾಸಿದೆ,” ಎಂದಳು ಕೊನೆಗೆ ತಂಗಿ, ಮೂಗೊರೆಸಿಕೊಂಡು. “ಅಷ್ಟರಲ್ಲಿ ಇದಕ್ಕೊಂದು ಜಾಗ ಮಾಡ್ಬೇಕು.”

“ಗೋಡೆಗೆ ಮೊಳೆ ಹೊಡೀತೀನಿ. ಮೊದಲು ಮೆಟ್ಟಿಲಿಗೊಂದು ಸಲ ಸಿಗ್ನಲ್ ಅಳೆದು, ಗ್ರಾಫ್ ಹಾಕಿ...”

“ಅಕ್ಕಾ.”

“ಏನೇ?”

“ನೀನು ಕೂತಿರೋ ಕಡೆಯೇ ಚೆನ್ನಾಗಿ ಬರುತ್ತೆ. ಗ್ರಾಫ್ ಬೇಡ. ಏಳು, ಬೆನ್ನು ಹಿಡ್ಕೊಂಡಿರುತ್ತೆ. ಅದನ್ನ ಇಲ್ಲಿ ಕೊಡು, ಸ್ವಲ್ಪ ಹೊತ್ತು ನಾನು ಹಿಡ್ಕೊಳ್ತೀನಿ.”