ಒಂಬತ್ತನೆಯ ತಮಟೆ

ಎಂಟು ತಮಟೆಗಳು ಕಾದು ಗೋಡೆಗೆ ಒರಗಿದ್ದವು. ಒಂಬತ್ತನೆಯದನ್ನು ತೆಂಗಿನ ಗರಿಯ ಉರಿಗೆ ಒಡ್ಡಿ, ತಿರುಗಿಸುತ್ತಾ, ನಡುನಡುವೆ ಬೆರಳಿನಿಂದ ಬಡಿದು ನೋಡುತ್ತಿದ್ದಳು ಶಿವಗಂಗಮ್ಮ. ಚರ್ಮ ಸಡಿಲವಾಗಿದ್ದರೆ ತಮಟೆ 'ಡಬ್' ಎಂದು ಮುನಿಸಿಕೊಳ್ಳುತ್ತದೆ. ಹದವಾಗಿ ಕಾದರೆ 'ಠಣ್' ಎಂದು ಊರನ್ನೇ ಎಬ್ಬಿಸುತ್ತದೆ. ಆ ಹದ ಅವಳ ಬೆರಳಿಗೆ ತಿಳಿದಷ್ಟು ತುರುವನೂರಿನಲ್ಲಿ ಇನ್ಯಾರಿಗೂ ತಿಳಿಯದು. ಇಪ್ಪತ್ತು ವರ್ಷ ಗಂಡ ಮಾರಣ್ಣನ ಮೇಳಕ್ಕೆ ಕಾಯಿಸಿ ಕೊಟ್ಟಿದ್ದಳು. ಈಗ ನಾದಿನಿ ಮೀನಾಕ್ಷಿ ಕಟ್ಟಿದ ಹೆಂಗಸರ ಮೇಳಕ್ಕೂ ಅದೇ ಕೆಲಸ. ಬಾರಿಸುವವರು ಎಂಟು ಜನ. ಒಂಬತ್ತನೆಯ ತಮಟೆ, ಯಾವುದಾದರೂ ಹರಿದರೆ ಇರಲಿ ಎಂದು. ದೆಹಲಿಯ ಕಾರ್ಯಕ್ರಮಕ್ಕೆ ಬಂದ ಒಂಬತ್ತನೆಯ ವಿಮಾನದ ಟಿಕೆಟ್ಟು ಶಿವಗಂಗಮ್ಮನಿಗೆ, ಬೆಂಕಿ ನೋಡಿಕೊಳ್ಳಲಿ ಎಂದು. ನಿನಗೂ ಬಾರಿಸುವ ಆಸೆಯಿದೆಯಾ ಎಂದು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಮನೆಯ ಕೊಡಪಾನದ ತಳವೇ ಹೇಳುತ್ತಿತ್ತು.

"ವಿಮಾನದಾಗೆ ಭಾರಿ ತಣ್ಣಗಿರ್ತೈತಂತೆ ಅತ್ತಿಗೆ. ಇಳಿದು ಎರಡು ತಾಸಿಗೇ ಪ್ರೋಗ್ರಾಮು. ತಮಟೆ ಸಡ್ಲಾದ್ರೆ ದೆಹಲಿಯೋರ ಮುಂದೆ ಮಾನ ಹೋಗ್ತೈತೆ," ಎಂದಳು ಮೀನಾಕ್ಷಿ.

"ನಾನಿಲ್ವೇನೆ?" ಎಂದು ಶಿವಗಂಗಮ್ಮ ಒಂದು ಹಿಡಿ ಒಣಗರಿ, ಎರಡು ಬೆಂಕಿಪೊಟ್ಟಣ ಕೈಚೀಲಕ್ಕೆ ತುರುಕಿದಳು.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಹುಡುಗಿ ಆ ಚೀಲ ತೆರೆದು ಹುಬ್ಬೇರಿಸಿದಳು. "ಇದೆಲ್ಲ ಏನಮ್ಮಾ?"

"ಬೆಂಕಿ ಹಾಕಕ್ಕೆ, ತಾಯಿ."

"ಎಲ್ಲಿ?"

"ವಿಮಾನದಾಗೆ. ಜಾಸ್ತಿ ಇಲ್ಲ, ಇಳಿಯೋ ಮುಂಚೆ ಒಂದೀಟು. ಮೂಲ್ಯಾಗೆ ಕುಂತ್ಕಂಡು ಕಾಸ್ಕಂತೀನಿ, ಯಾರಿಗೂ ಹೊಗೆ ತಾಗಲ್ಲ."

ಹುಡುಗಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು, ಭುಜ ಕುಲುಕಿಸುತ್ತಾ ಮೇಲಧಿಕಾರಿಯನ್ನು ಕರೆತಂದಳು. ತಮಟೆಗಳನ್ನು ಬಿಟ್ಟರು, ಗರಿಯೂ ಬೆಂಕಿಪೊಟ್ಟಣವೂ ಕಸದ ಡಬ್ಬಿ ಸೇರಿದವು. ಸಾಲದ್ದಕ್ಕೆ, ದೆಹಲಿಯ ಸಭಾಂಗಣದಲ್ಲೂ ಬೆಂಕಿ ಹಾಕುವಂತಿಲ್ಲವೆಂದು ಮೀನಾಕ್ಷಿಯ ಫೋನಿಗೆ ಮೆಸೇಜು ಬಂತು.

"ಬೆಂಕೀನೇ ಇಲ್ಲ ಅಂದಮ್ಯಾಲೆ ಅತ್ತಿಗೇನ ಇಲ್ಲೇ ಬಿಟ್ಟು ಹೋಗಾಣೇನ್ರೇ?" ಎಂದಳು ಮೀನಾಕ್ಷಿ. ಮೇಳವೆಲ್ಲ ಬಿದ್ದು ಬಿದ್ದು ನಕ್ಕಿತು. ಶಿವಗಂಗಮ್ಮನೂ ನಕ್ಕಳು. ಆದರೆ ಎದೆಯೊಳಗೆ ಏನೋ 'ಡಬ್' ಎಂದಿತು. ಬೆಂಕಿಯಿಲ್ಲದ ಕಡೆ ತಾನು ಯಾರು?

ವಿಮಾನ ನೆಲ ಬಿಟ್ಟಿತು. ಎಲ್ಲರಲ್ಲಿ ಚಿಕ್ಕವಳಾದ ಪಲ್ಲವಿ ಕಿಟಕಿಗೆ ಮೂಗು ಒತ್ತಿ ಕಿರುಚಿದಳು, "ಅಗಳಪ್ಪಾ, ನಮ್ಮೂರ ಕೆರೆ!"

"ಲೇ, ಅದು ರೆಕ್ಕೆ ಕಣೇ!"

ನಗು ಇಳಿಯುವಷ್ಟರಲ್ಲಿ ಚಳಿ ಹತ್ತಿತು. ಶಿವಗಂಗಮ್ಮ ಎದ್ದು ತಲೆಯ ಮೇಲಿನ ಗೂಡಿನಿಂದ ಒಂದು ತಮಟೆ ಇಳಿಸಿ ಬೆರಳಾಡಿಸಿದಳು. ಡಬ್. ಇನ್ನೊಂದು. ಡಬ್. ಮೀನಾಕ್ಷಿಯ ಮುಖ ಬಾಡಿತು.

"ಕೂಸಿಗೆ ಚಳಿಯಾದ್ರೆ ಎಲ್ಲಿ ಇಟ್ಕಂತೀವಿ? ಸೆರಗೊಳಗೆ ತಾನೆ?" ಎಂದಳು ಶಿವಗಂಗಮ್ಮ. "ಹೊಟ್ಟೆಗೆ ಅವಚ್ಕಳ್ರೇ ಎಲ್ಲಾ!"

ಜ್ಯೂಸು ಹಿಡಿದು ಬಂದ ಗಗನಸಖಿ ಅಲ್ಲೇ ನಿಂತುಬಿಟ್ಟಳು. ಹತ್ತುವಾಗ ಸಪಾಟಾಗಿದ್ದ ಒಂಬತ್ತು ಹೆಂಗಸರೂ ಈಗ ತುಂಬು ಬಸುರಿಯರು!

"ಹೆದರ್ಕಬ್ಯಾಡ್ರಿ ಮೇಡಂ," ಎಂದಳು ಪಲ್ಲವಿ. "ಎಲ್ಲರಿಗೂ ಇವತ್ತು ಆರು ಗಂಟೆಗೇ ಹೆರಿಗೆ. ಸ್ಟೇಜಿನ ಮ್ಯಾಲೆ!"

ಮುಂದಿನ ಸಾಲಿನ ಯಜಮಾನರು ನಕ್ಕ ರಭಸಕ್ಕೆ ಅವರ ಜ್ಯೂಸೆಲ್ಲ ಪ್ಯಾಂಟಿನ ಪಾಲಾಯಿತು.

ಶಿವಗಂಗಮ್ಮ ಸೀಟಿನಿಂದ ಸೀಟಿಗೆ ಹೋಗಿ ಒಂದೊಂದು ಹೊಟ್ಟೆಯನ್ನೂ ತಟ್ಟಿದಳು. "ಮೀನಾಕ್ಷಿ, ನಿಂದಿನ್ನೂ ಆಗಿಲ್ಲ. ಗಟ್ಟಿಗೆ ಅವಚ್ಕ."

"ಆಗ್ಲಿ, ಸೂಲಗಿತ್ತಮ್ಮ!"

ಕೊನೆಗೆ ತನ್ನ ಸೀಟಿಗೆ ಬಂದು ಕುಳಿತು, ಸೆರಗಿನಡಿಯ ಒಂಬತ್ತನೆಯದನ್ನು ಬೆರಳಿನಿಂದ ಮೆಲ್ಲಗೆ ಬಡಿದಳು. ಠಣ್! ಪಕ್ಕೆಲುಬೆಲ್ಲ ಜುಮ್ಮೆಂದಿತು. ಕೊಡಪಾನದ ತಳದಲ್ಲಿ ಇಪ್ಪತ್ತು ವರ್ಷ ಕಲಿತ ಬಡಿತದ ಗತ್ತು ಹೇಳದೆ ಕೇಳದೆ ಬೆರಳಿಗೆ ಇಳಿಯಿತು.

"ಅತ್ತಿಗೆ," ಮೀನಾಕ್ಷಿ ಹಿಂದಿನಿಂದ ಬಗ್ಗಿದಳು, "ಇಳಿದ ಮ್ಯಾಲೆ ಅದನ್ನ ಚೀಲಕ್ಕೆ ಹಾಕ್ಬಿಡು. ಸ್ಟೇಜಿಗೆ ಎಂಟು ಸಾಕು."

"ಹೂಂ," ಎಂದಳು ಶಿವಗಂಗಮ್ಮ.

ಹಾಕುವುದಿಲ್ಲ. ಎಂಟು ಜನ ಸಾಲಾಗಿ ನಿಂತ ಮೇಲೆ, ಕೊನೆಯಲ್ಲಿ ಹೋಗಿ ನಿಲ್ಲುವುದು. ಅಷ್ಟು ಜನರ ಮುಂದೆ ಯಾರು ತಾನೇ ಇಳಿಸಿಯಾರು? ಅವಳು ಸೆರಗನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡು, ಏನೂ ಅರಿಯದವಳಂತೆ ಕಿಟಕಿಯಾಚೆಯ ಮೋಡ ನೋಡತೊಡಗಿದಳು.