ದಾರವಿಲ್ಲದೆ ಹೊಲಿದ ಬಟ್ಟೆ

ವಕೀಲಮ್ಮನ ಮನೆಯೊಳಗೆ ಫೋನು ಸಿಗುತ್ತಿರಲಿಲ್ಲ. ನಡುಮನೆಯಲ್ಲಿ ಮಾತು ಅರ್ಧಕ್ಕೆ ತುಂಡಾಗುತ್ತಿತ್ತು, ಅಡುಗೆಮನೆಗೆ ಹೋದರೆ ಪೂರ್ತಿ ನಿಂತೇ ಹೋಗುತ್ತಿತ್ತು. ಹಿತ್ತಲಿನ ನಿಂಬೆ ಗಿಡದ ಕೆಳಗೆ ಮಾತ್ರ ಆಚೆಯವರ ಉಸಿರೂ ಕೇಳುತ್ತಿತ್ತು. ಹಾಗಾಗಿ ಕೋರ್ಟಿಲ್ಲದ ಹೊತ್ತಿನಲ್ಲಿ ಅವಳ ಆಫೀಸು ಅಲ್ಲೇ. ಮಡಚುವ ಮೇಜು, ಒಂದು ಕುರ್ಚಿ, ಗಾಳಿಗೆ ಹಾರದಂತೆ ಫೈಲುಗಳ ಮೇಲೆ ಒಂದೊಂದು ಕಲ್ಲು. ಇಷ್ಟು ನೆಮ್ಮದಿಯ ಆಫೀಸು ಯಾವ ದೊಡ್ಡ ವಕೀಲರಿಗೂ ಇಲ್ಲ ಎಂದು ಅವಳ ಭಾವನೆ.

ಅವಳ ದನಿ ಸ್ವಲ್ಪ ದೊಡ್ಡದು. ಅತ್ತೆಗೆ ಕಿವಿ ಮಂದ. ಆ ಮನೆಯಲ್ಲಿ ಮೆಲ್ಲಗೆ ಟೀ ಕೇಳಿದವರಿಗೆ ಟೀ ಸಿಗುವುದಿಲ್ಲ. ಹನ್ನೊಂದು ವರ್ಷ ಅತ್ತೆಯೊಂದಿಗೆ ಮಾತಾಡಿ ಮಾತಾಡಿ ಅವಳ ದನಿ ಅದೇ ಅಳತೆಗೆ ನಿಂತುಬಿಟ್ಟಿತ್ತು. ಅದು ಅವಳಿಗೇ ಗೊತ್ತಿರಲಿಲ್ಲ. ನಮ್ಮ ದನಿ ಎಷ್ಟು ದೂರ ಹೋಗುತ್ತದೆ ಎಂಬುದು ನಮಗೆ ಎಲ್ಲಿ ಗೊತ್ತಾಗುತ್ತದೆ?

ಆ ಆಫೀಸಿಗೆ ಇದ್ದದ್ದು ಒಂದೇ ಕಾಟ. ಗೋಡೆಯಾಚೆ ಟೈಲರ್ ಅಕ್ಕನ ಹೊಲಿಗೆ ಮಷಿನ್ನು. ಬೆಳಗಿನಿಂದ ಸುಮ್ಮನಿದ್ದ ಮಷಿನ್ನು, ವಕೀಲಮ್ಮ ಫೋನು ಕಿವಿಗಿಟ್ಟ ಕೂಡಲೇ ಕಟಕಟ ಶುರುವಾಗುತ್ತಿತ್ತು. ಫೋನು ಇಟ್ಟರೆ ಅದೂ ನಿಲ್ಲುತ್ತಿತ್ತು.

ಒಂದು ಸೋಮವಾರ ಅವಳು ಗೋಡೆಯ ಮೇಲಿಂದ ಇಣುಕಿಯೇಬಿಟ್ಟಳು.

"ಅಕ್ಕ, ತಪ್ಪು ತಿಳ್ಕೋಬೇಡಿ. ಮುಖ್ಯವಾದ ಫೋನಿದೆ. ಸ್ವಲ್ಪ ಹೊತ್ತು ಮಷಿನ್ ನಿಲ್ಲಿಸ್ತೀರಾ?"

ಅಕ್ಕ ಅವಳ ಮುಖ ನೋಡಿದಳು. ಏನೋ ಹೇಳಲು ಬಾಯಿ ತೆರೆದು, "ಆಯ್ತು ವಕೀಲಮ್ಮ" ಎಂದಷ್ಟೇ ಅಂದು ಪೆಡಲಿನಿಂದ ಕಾಲು ತೆಗೆದಳು.

ಹಿತ್ತಲು ಹಾಯಾಗಿ ಮೌನವಾಯಿತು. ವಕೀಲಮ್ಮ ಆರಾಮಾಗಿ ಕೂತು ಮಾತಾಡಿದಳು.

"ನೋಡಿ, ಮುಂದಿನ ಗುರುವಾರ ಜಡ್ಜ್ ಕೇಳಿದ್ರೆ ಹೆದರಬೇಡಿ. ಮಗು ನನ್ನ ಹತ್ರಾನೇ ಇರಬೇಕು ಅಂತ ನೇರವಾಗಿ ಹೇಳಿ. ಯಜಮಾನ್ರು ಬೇರೆ ಮನೆ ಮಾಡಿದ್ದು ಯಾವಾಗ, ಅದನ್ನೂ ಹೇಳಿ. ನೀವು ಲೈಬ್ರರಿಯಲ್ಲಿರೋ ಹೊತ್ತಲ್ಲಿ ಮಗೂನ ಯಾರು ನೋಡ್ಕೋತಾರೆ ಅಂತ ಕೇಳೇ ಕೇಳ್ತಾರೆ... ಏನಂದ್ರಿ? ಮಗಳಿಗೆ ಇನ್ನೂ ಹೇಳಿಲ್ವಾ? ಪರೀಕ್ಷೆ ಮುಗೀಲಿ, ನೀವೇ ಕೂರಿಸ್ಕೊಂಡು ಹೇಳಿ. ಅಲ್ಲೀವರೆಗೂ ಯಾರ ಕಿವಿಗೂ ಬೀಳಲ್ಲ. ನನ್ನ ಮೇಲೆ ಬಿಡಿ."

ಬುಧವಾರ ಸಂಜೆ, ಫೋನಿನಲ್ಲಿ ಮಾತಾಡಿದ್ದ ಲೈಬ್ರರಿಯ ಆ ಹೆಂಗಸೇ ಗೇಟಿನ ಮುಂದೆ ನಿಂತಿದ್ದಳು. ಒಳಗೆ ಬನ್ನಿ ಎಂದರೆ ಬರಲಿಲ್ಲ.

"ನನ್ನ ಫೈಲು ವಾಪಸ್ ಕೊಡಿ ಮೇಡಂ."

"ಯಾಕೆ? ಏನಾಯ್ತು?"

"ಇವತ್ತು ಪೋಸ್ಟ್ ತಾತ, ಅದೇ ರಿಟೈರಾದ ಪೋಸ್ಟ್‌ಮ್ಯಾನ್, ಲೈಬ್ರರಿಗೆ ಬಂದಿದ್ರು. ಪೇಪರ್ ಓದಿ ಏಳುವಾಗ, 'ಯೋಚನೆ ಮಾಡಬೇಡಮ್ಮ, ಮಗು ನಿನ್ನ ಹತ್ರಾನೇ ಇರುತ್ತೆ' ಅಂದ್ರು. ನನ್ನ ಮಗಳು ಕಪಾಟಿನ ಹಿಂದೇನೇ ಕೂತಿದ್ಲು." ಅವಳು ಗೇಟಿನ ಸರಳು ಹಿಡಿದುಕೊಂಡಳು. "'ಅಮ್ಮಾ, ನಾನು ಬೇರೆಲ್ಲಿರ್ತೀನಿ, ತಾತ ಯಾಕೆ ಹಾಗಂದ್ರು?' ಅಂತ ಕೇಳಿದ್ಲು. ಮನೆಗೆ ಹೋದ್ಮೇಲೆ ಹೇಳ್ತೀನಿ ಅಂದು ಬಂದಿದ್ದೀನಿ. ಏನು ಹೇಳಲಿ?"

"ನಾನು ಯಾರಿಗೂ ಹೇಳಿಲ್ಲ."

"ನೀವು ಹೇಳಿರಲಿಕ್ಕಿಲ್ಲ. ಆದ್ರೆ ಅವರಿಗೆ ಗೊತ್ತು."

ಒಂದು ಗಂಟೆ ಸಮಯ ಕೊಡಿ, ನಾನೇ ಲೈಬ್ರರಿಗೆ ಬರುತ್ತೇನೆ ಎಂದು ಬೇಡಿಕೊಂಡಳು ವಕೀಲಮ್ಮ. ಆ ಹೆಂಗಸು ಫೈಲಿಗೂ ಕಾಯದೆ ತಿರುಗಿ ಹೊರಟಳು.

ಪೋಸ್ಟ್ ತಾತನಿಗೆ ಹೇಳಿದವರು ಯಾರು? ವಕೀಲಮ್ಮ ನೆಟ್ಟಗೆ ಟೈಲರ್ ಅಕ್ಕನ ಮನೆಗೆ ನುಗ್ಗಿದಳು.

"ಅಕ್ಕ, ನೀವೇನಾದ್ರೂ ತಾತನ ಹತ್ರ..."

"ಇಲ್ಲ ವಕೀಲಮ್ಮ. ಸೋಮವಾರ ತಾತ ಗುಂಡಿ ಹಾಕಿಸ್ಕೊಳ್ಳೋಕೆ ಬಂದು ಇಲ್ಲೇ ಕೂತಿದ್ರು. ನಿಮ್ಮ ಬಾಯಿಂದಾನೇ ಕೇಳಿದ್ರು."

"ಅಲ್ಲಿ ಆಡಿದ್ದು ಇಲ್ಲಿಗೆ ಹೇಗೆ ಕೇಳುತ್ತೆ? ಮಧ್ಯೆ ಗೋಡೆ ಇದೆ. ಅಷ್ಟಕ್ಕೂ ಯಾರಿಗಿದೆ ಪುರುಸೊತ್ತು, ನನ್ನ ಮಾತು ಕೇಳಿಸ್ಕೊಂಡು ಕೂರೋಕೆ?"

ಅಕ್ಕ ವಾದಕ್ಕೆ ಇಳಿಯಲಿಲ್ಲ. ವಕೀಲರ ಜೊತೆ ವಾದ ಮಾಡಿ ಗೆದ್ದವರುಂಟೆ? "ನೀವು ಇಲ್ಲಿ ನನ್ನ ಸ್ಟೂಲ್ ಮೇಲೆ ಕೂತ್ಕೊಳ್ಳಿ" ಎಂದು ಹೇಳಿ ಹೊರಗೆ ಹೋದಳು. ಸ್ವಲ್ಪ ಹೊತ್ತಿಗೆ ನಿಂಬೆ ಗಿಡದ ಕಡೆಯಿಂದ ಅವಳ ದನಿ ಬಂತು. ಕೂಗುತ್ತಿರಲಿಲ್ಲ, ದಿನಾ ಮಾತಾಡುವ ಹಾಗೇ ಮಾತಾಡುತ್ತಿದ್ದಳು.

"ಹಲೋ, ಹಾಂ, ನಾನೇ. ಒಂದು ಗುಟ್ಟು ಹೇಳ್ತೀನಿ, ಯಾರಿಗೂ ಹೇಳಬೇಡ. ನಮ್ಮ ವಕೀಲಮ್ಮನ ಕರಿಕೋಟು ಇದೆಯಲ್ಲ, ಅದರ ಎಡಗೈ ತೋಳು ಒಂದು ಬೆರಳು ಉದ್ದ ಹೊಲಿದುಬಿಟ್ಟಿದ್ದೀನಿ. ಆರು ತಿಂಗಳಾಯ್ತು. ಹೇಳೋಕೆ ಧೈರ್ಯ ಇಲ್ಲ. ಅದನ್ನೇ ಹಾಕ್ಕೊಂಡು ಜಡ್ಜ್ ಮುಂದೆ ಕೈ ಬೀಸ್ತಾರೆ ಪಾಪ."

ಒಂದಕ್ಷರವೂ ತಪ್ಪಲಿಲ್ಲ. ಸ್ಟೂಲಿನ ಮೇಲೆ ಕೂತ ವಕೀಲಮ್ಮ ತನ್ನ ಎಡಗೈ ನೋಡಿಕೊಂಡಳು. ನಗು ಬಂತು, ಬಂದದ್ದು ಅಲ್ಲೇ ಆರಿತು. ಕಾನೂನು ಓದಿದವಳು ಅವಳು. ನಂಬಿ ಬಂದವರ ಗುಟ್ಟು ಕಾಯುವುದು ವಕೀಲರ ಮೊದಲ ಪಾಠ. ದೀಪ ಊರಿಗೆಲ್ಲ ಬೆಳಕು ಕೊಟ್ಟರೂ ಬುಡದಲ್ಲಿ ಕತ್ತಲೆ.

ಮಷಿನ್ನಿನ ಸೂಜಿಯ ಕೆಳಗೆ ಒಂದು ಹಳೇ ಬಟ್ಟೆಯ ತುಂಡು ಸಿಕ್ಕಿಕೊಂಡಿತ್ತು. ಎಳೆದು ಕಿಟಕಿಯ ಬೆಳಕಿಗೆ ಹಿಡಿದಳು. ಮೇಲಿಂದ ಕೆಳಗೆ ಸಾಲು ಸಾಲು ಸೂಜಿಯ ತೂತು. ಒಂದೆಳೆ ನೂಲಿಲ್ಲ.

ಅಕ್ಕ ಬಾಗಿಲಲ್ಲಿ ನಿಂತಿದ್ದಳು.

"ಇದೇನಕ್ಕ?"

"ನೀವು ಫೋನಲ್ಲಿ ಮಾತಾಡುವಾಗ ತುಳಿತಿದ್ದದ್ದು. ಅಷ್ಟೊಂದು ಹೊಲಿಗೆ ನನ್ನ ಹತ್ರ ಎಲ್ಲಿದೆ? ದಾರ ದಂಡ ಯಾಕೆ ಅಂತ ತೆಗೆದಿಟ್ಟು ಬರೀ ಮಷಿನ್ ಓಡಿಸ್ತಿದ್ದೆ. ನನಗೂ ಕೇಳಿಸಬಾರದು, ಇಲ್ಲಿಗೆ ಬಂದೋರಿಗೂ ಕೇಳಿಸಬಾರದು ಅಂತ."

"ನನಗೆ ಹೇಳಬಹುದಿತ್ತಲ್ಲ?"

"ಹೇಗೆ ಹೇಳೋದು? ಕೇಳಿಸ್ತಿದೆ ಅಂದ್ರೆ, ಕೇಳಿಸ್ಕೊಂಡೆ ಅಂತ ಒಪ್ಕೊಂಡ ಹಾಗಲ್ವಾ?"

ಸೋಮವಾರ ಅಕ್ಕ ಬಾಯಿ ತೆರೆದು ಮುಚ್ಚಿದ್ದು ವಕೀಲಮ್ಮನಿಗೆ ನೆನಪಾಯಿತು. ತಾನು ಕಾಟವೆಂದುಕೊಂಡ ಸದ್ದು ತಿಂಗಳುಗಟ್ಟಲೆ ತನ್ನ ಮರ್ಯಾದೆ ಕಾಯುತ್ತಿತ್ತು.

"ಇದು ನನಗಿರಲಿ ಅಕ್ಕ" ಎಂದು ಬಟ್ಟೆಯ ತುಂಡನ್ನು ಮಡಚಿಟ್ಟುಕೊಂಡಳು.

ಲೈಬ್ರರಿಯ ದಾರಿಯಲ್ಲೇ ತಾತನ ಮನೆ. ವಿಷಯ ಕೇಳಿ ತಾತ ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು.

"ಮಗು ಅಲ್ಲಿತ್ತಾ? ಅಯ್ಯೋ. ನಾನು ಸಮಾಧಾನಕ್ಕೆ ಅಂದದ್ದು ತಾಯಿ. ಮೂವತ್ತೈದು ವರ್ಷ ಕಾಗದ ಹಂಚಿದ್ದೀನಿ. ಅಂಟಿಸಿದ ಲಕೋಟೆಯಲ್ಲಿ ಏನಿದೆ ಅಂತ ಒಂದು ದಿನವೂ ನೋಡಿದೋನಲ್ಲ. ಆದ್ರೆ ನಿನ್ನ ಮಾತು ಪೋಸ್ಟ್ ಕಾರ್ಡಿನ ಹಾಗೆ ಬಂತು. ಕಣ್ಣಿಗೆ ಬಿತ್ತು, ಓದಿಬಿಟ್ಟೆ. ಓದಿದ್ರೂ ಬಾಯಿ ಮುಚ್ಕೊಂಡಿರಬೇಕಿತ್ತು. ಅದು ನನ್ನ ತಪ್ಪು."

ಲೈಬ್ರರಿಯಲ್ಲಿ ಕಿಟಕಿಗಳನ್ನು ಮುಚ್ಚುವ ಹೊತ್ತು. ವಕೀಲಮ್ಮ ನೆಪ ಹೇಳಲಿಲ್ಲ. ತಾನು ಎಲ್ಲಿ ಕೂತು ಮಾತಾಡಿದೆ, ಯಾರು ಕೇಳಿದರು, ಎಲ್ಲವನ್ನೂ ತಗ್ಗಿದ ದನಿಯಲ್ಲಿ ಹೇಳಿದಳು. ಫೈಲನ್ನು ಮೇಜಿನ ಮೇಲಿಟ್ಟಳು. ಅದರ ಮೇಲೆ ಆ ಬಟ್ಟೆಯ ತುಂಡನ್ನೂ ಇಟ್ಟಳು.

"ನನಗಿಂತ ಚೆನ್ನಾಗಿ ಗುಟ್ಟು ಕಾದವರು, ದಾರವಿಲ್ಲದೆ ಇದನ್ನು ಹೊಲಿದ ಟೈಲರ್ ಅಕ್ಕ. ಬೇರೆ ವಕೀಲರು ಬೇಕಂದ್ರೆ ನಾನೇ ಹುಡುಕಿಕೊಡ್ತೀನಿ. ತಪ್ಪು ನಂದು."

ಆ ಹೆಂಗಸು ತೂತುಗಳ ಮೇಲೆ ಬೆರಳಾಡಿಸಿದಳು.

"ನೀವು ಬರೋಕೆ ಮುಂಚೆ ಮಗಳಿಗೆ ಹೇಳಿದೆ" ಎಂದಳು ಕೊನೆಗೆ. "ಬೇರೆ ಯಾರೋ ಹೇಳೋಕಿಂತ ನಾನೇ ಹೇಳೋಣ ಅಂತ. ಇನ್ನೂ ತೀರ್ಮಾನ ಆಗಿಲ್ಲ, ಅಪ್ಪನೂ ನಿನ್ನನ್ನ ಬಿಡಲ್ಲ, ನಾನೂ ಬಿಡಲ್ಲ ಅಂದೆ. ಸ್ವಲ್ಪ ಅತ್ತಳು. ಆಮೇಲೆ ಎರಡೂ ಮನೇಲಿ ಓದೋಕೆ ಮೇಜು ಇರುತ್ತಾ ಅಂತ ಕೇಳಿದ್ಲು."

"ನೀವೇನಂದ್ರಿ?"

"ಇರುತ್ತೆ ಅಂದೆ." ಅವಳ ಮುಖದಲ್ಲಿ ಸಣ್ಣ ನಗು ಮೂಡಿತು. ಬಟ್ಟೆಯ ತುಂಡನ್ನು ಹಿಂದಿರುಗಿಸಿ, ಫೈಲನ್ನು ವಕೀಲಮ್ಮನ ಕಡೆಗೇ ತಳ್ಳಿದಳು. "ಮುಂದಿನ ಗುರುವಾರ ಎಷ್ಟು ಹೊತ್ತಿಗೆ ಬರಬೇಕು?"

ವಕೀಲಮ್ಮ ಬಾಯಿ ತೆರೆದು ಮುಚ್ಚಿದಳು. ಎದ್ದು ಹೋಗಿ ಬಾಗಿಲು ಹಾಕಿ ಬಂದು, ಆಮೇಲೆ ಹೇಳಿದಳು.

ಈಗ ಅವಳ ಮನೆಯ ಉಗ್ರಾಣದಲ್ಲಿ, ಹಳೇ ಟ್ರಂಕಿನ ಪಕ್ಕದ ಮೂಲೆಯಲ್ಲಿ ಫೋನು ಸಿಗುತ್ತದೆಂದು ಗೊತ್ತಾಗಿದೆ. ಮಾತೆಲ್ಲ ಅಲ್ಲೇ, ಕಿಟಕಿ ಮುಚ್ಚಿ. ಆ ಬಟ್ಟೆಯ ತುಂಡು ಕಿಟಕಿಯ ಚಿಲಕಕ್ಕೆ ನೇತುಬಿದ್ದಿದೆ. ಹೆಸರು, ಕೆಲಸ, ಮನೆ ಗುರುತು ಹಿಡಿಸುವ ಮಾತು ಫೋನಿನಲ್ಲಿಲ್ಲ. "ನೀವು ಒಬ್ಬರೇ ಇದ್ದೀರಾ?" ಎಂಬುದು ಮೊದಲ ಪ್ರಶ್ನೆ. ನಿಂಬೆ ಗಿಡದ ಕೆಳಗೆ ಓದುವುದು, ಬರೆಯುವುದು ಮಾತ್ರ. ಅತ್ತೆಗೆ ಅದೊಂದು ಬೇಸರ. "ಈಚೆಗೆ ನೀನು ಏನು ಮಾತಾಡ್ತೀಯೋ ನನಗೂ ಕೇಳಿಸಲ್ಲ" ಎಂದು ಗೊಣಗುತ್ತಾಳೆ. ಗೋಡೆಯಾಚೆ ಮಷಿನ್ನು ತನಗೆ ಬೇಕಾದಾಗ ಓಡುತ್ತದೆ, ದಾರ ಹಾಕಿಕೊಂಡು. ಮೊದಲ ಕೆಲಸವಾಗಿ ಕರಿಕೋಟಿನ ಎಡ ತೋಳು ಸರಿಯಾಯಿತು.

ಇದನ್ನು ಓದುತ್ತಿರುವ, ಕೇಳುತ್ತಿರುವ ನಿಮ್ಮಲ್ಲೂ ಯಾರದೋ ಗುಟ್ಟು ಇದ್ದೀತು. ನೀವು ವಕೀಲರೇ ಆಗಬೇಕಿಲ್ಲ. ನರ್ಸ್ ಆಗಿರಬಹುದು, ಶಿಕ್ಷಕಿ ಆಗಿರಬಹುದು, ಸಂಘದ ಲೆಕ್ಕ ಬರೆಯುವವರಾಗಿರಬಹುದು, ಕಷ್ಟ ಹೇಳಿಕೊಂಡವರ ಬರೀ ಗೆಳತಿಯಾಗಿರಬಹುದು. ಆ ಮಾತನ್ನು ಲಕೋಟೆಯಲ್ಲಿಟ್ಟು ಅಂಟಿಸಿ. ಬೇರೆಯವರ ಗುಟ್ಟು ನಿಮ್ಮ ಕಿವಿಗೆ ತಾನಾಗಿ ಬಿದ್ದರೆ, ಅದರ ಒಡೆಯರ ಬಳಿ ಸಮಾಧಾನಕ್ಕೂ ಎತ್ತಬೇಡಿ. ಜೋರಾಗಿ ಆಡಿದವರಿಗೆ ಮಾತ್ರ ಮೆಲ್ಲಗೆ ಹೇಳಿ, "ಇಲ್ಲಿಗೆ ಕೇಳುತ್ತಿದೆ" ಅಂತ. ಹೇಳುವುದು ಕಷ್ಟ. ಆದರೂ ಹೇಳಿ.

ಇವತ್ತೇ ಒಂದು ಕೆಲಸ ಮಾಡಿ. ನೀವು ದಿನಾ ಫೋನಿನಲ್ಲಿ ಮಾತಾಡುವ ಜಾಗದಲ್ಲಿ ಮನೆಯವರೊಬ್ಬರನ್ನು ಕೂರಿಸಿ, ಮಾತಾಡಲು ಹೇಳಿ. ನೀವು ಗೋಡೆಯಾಚೆ ಹೋಗಿ ಸುಮ್ಮನೆ ನಿಂತು ಕೇಳಿ.