ಹಸುವಿನ ಎದೆನೋವು

ಕೆಚ್ಚಲು ಎಂಬುದು ಬಾಯಲ್ಲಿ ಆಡಬಾರದ ಮಾತೆಂದು ನನಗೆ ಗೊತ್ತಾದದ್ದು ನಲವತ್ತು ದಾಟಿದ ಮೇಲೆ, ಅದೂ ಆಕ್ಲೆಂಡಿನಲ್ಲಿ. ಜನರಿಗಿಂತ ಹಸುಗಳೇ ಹೆಚ್ಚಿರುವ ದೇಶ ಇದು. ಇಲ್ಲಿ ಕೂತು ಆ ಬುದ್ಧಿ ಹೇಳಿಕೊಟ್ಟವರು ನಮ್ಮ ಕನ್ನಡ ಸಂಘದ ಅಧ್ಯಕ್ಷರು, ಶರಣಬಸಪ್ಪನವರು.

ನನ್ನ ಅನ್ನವೇ ಕೆಚ್ಚಲು. ಪ್ರಯೋಗಾಲಯದಲ್ಲಿ ಹಸುವಿನ ಕೆಚ್ಚಲಿನ ಜೀವಕೋಶಗಳನ್ನು ತಟ್ಟೆಯಲ್ಲಿ ಬೆಳೆಸುತ್ತೇನೆ, ಕೆಚ್ಚಲು ಬಾವು ತರುವ ಬ್ಯಾಕ್ಟೀರಿಯಾಗಳನ್ನು ಅವುಗಳ ಮೇಲೆ ಬಿಡುತ್ತೇನೆ, ಏನಾಗುತ್ತದೆ ಎಂದು ನೋಡುತ್ತೇನೆ. ಈ ಕೋಶಗಳು ಹಾಲು ಕೊಟ್ಟು ತೆಪ್ಪಗಿರುವ ಪಾಪದವಲ್ಲ. ಒಳಗೆ ಬಂದವನು ಯಾರೆಂದು ತಾವೇ ಗುರುತು ಹಿಡಿದು, ರಕ್ತದ ಬಿಳಿ ಕಣಗಳನ್ನು ಕೂಗಿ ಕರೆಯುತ್ತವೆ. ಇ. ಕೋಲೈ ಎಂಬ ಜಾತಿ ಬಂದರೆ ಕೆಲವೇ ಗಂಟೆಗಳಲ್ಲಿ ಊರೆಲ್ಲ ಏಳುವಂತೆ ಬೊಬ್ಬೆ ಹೊಡೆಯುತ್ತವೆ. ಸ್ಟ್ಯಾಫ್ ಎಂಬ ಇನ್ನೊಂದು ಜಾತಿ ಬಂದಾಗ ಮಾತ್ರ, ಯಾಕೋ, ಗಂಟಲು ಸರಿಮಾಡಿಕೊಂಡು ಸುಮ್ಮನಾಗುತ್ತವೆ. ಅದು ಅಲ್ಲೇ ತಿಂಗಳುಗಟ್ಟಲೆ ಸಂಸಾರ ಹೂಡುತ್ತದೆ. ನಮ್ಮ ಸಂಘದ ಕಾರ್ಯಕಾರಿ ಸಮಿತಿ ಈ ಎರಡನೆಯ ಬಗೆಯದು.

ಆ ವರ್ಷದ ರಾಜ್ಯೋತ್ಸವಕ್ಕೆ ವಿಜ್ಞಾನದ ಬಗ್ಗೆ ಕನ್ನಡದಲ್ಲೇ ಮಾತಾಡಿ ಎಂದರು. ಖುಷಿಯಿಂದ 'ಕೆಚ್ಚಲು ಬಾವು ಮತ್ತು ಜೀವಕೋಶಗಳು' ಎಂದು ಬರೆದು ಕಳಿಸಿದೆ. ಸಂಜೆಯೇ ಅಧ್ಯಕ್ಷರ ಫೋನು ಬಂತು.

"ಮೇಡಂ, ಹೆಣ್ಮಕ್ಕಳು, ಹಿರ್ಯಾರು ಎಲ್ಲಾ ಬರ್ತಾರ್ರಿ. ಆ ಶಬ್ದ ಒಂದೀಟು ಬದ್ಲಿ ಮಾಡ್ರಿ."

"ಹಸುವಿಗೆ ಇರೋದೇ ಅದು ಸರ್."

"ಹಸುವಿಗೆ ಇರ್ಲಿರಿ, ನಾ ಬ್ಯಾಡ ಅಂದ್ನೇನು. ಪೋಸ್ಟರ್‌ನಾಗ ಬ್ಯಾಡ."

ಪೋಸ್ಟರ್ ಬಂತು. 'ಹಸುವಿನ ಎದೆನೋವು: ಡಾ. ವಸುಂಧರಾ ಅವರಿಂದ ಉಪನ್ಯಾಸ.' ಹಸುವಿನ ಎದೆ ಇರುವುದು ಮುಂಗಾಲುಗಳ ನಡುವೆ. ಅಲ್ಲಿ ಚೊಂಬು ಹಿಡಿದು ಕೂತವನಿಗೆ ಹಸುವೇ ಒದ್ದು ಪಾಠ ಹೇಳುತ್ತದೆ.

ಮೌಂಟ್ ಆಲ್ಬರ್ಟಿನ ಹಾಲ್ ತುಂಬಿಹೋಗಿತ್ತು. ಮುಂದಿನ ಸಾಲಿನ ಅಂಕಲ್‌ಗಳೆಲ್ಲ ಸ್ಟೆಂಟ್ ಹಾಕಿಸಿಕೊಂಡವರು. ನನ್ನನ್ನು ಹೃದಯದ ಡಾಕ್ಟರೆಂದು ನಂಬಿ ಬಂದಿದ್ದರು. ನಾನು ಮೊದಲ ಸಲ ಕೆಚ್ಚಲು ಎಂದಾಗ ಶರಣಬಸಪ್ಪನವರು ಕೆಮ್ಮಿದರು. ಎರಡನೆಯ ಸಲ ಎದ್ದು ಬಂದು ಮೈಕಿನ ವೈರು ಪರೀಕ್ಷಿಸಿದರು. ಮಾತು ಮುಗಿದದ್ದೇ ಒಬ್ಬರು ಎದ್ದು, ತುಪ್ಪ ತಿನ್ನಬಹುದೋ ಬಾರದೋ ಎಂದು ಕೇಳಿದರು. ಅವರಾದ ಮೇಲೆ ಮಯೂರ್ ಎದ್ದು ನಿಂತ. ಇಲ್ಲಿಗೆ ಓದಲು ಬಂದು ನೆಲೆನಿಂತ ಹುಡುಗ, ಈಗ ವಾರವಾರ ವೆಲ್ಲಿಂಗ್ಟನ್ನಿಗೆ ಹಾರಿ ಸರ್ಕಾರಕ್ಕೇ ಸಲಹೆ ಕೊಡುತ್ತಾನೆ.

"ಆಂಟಿ, ನಮ್ಮನೆಯವಳಿಗೂ ಎದೆನೋವು. ಮೊನ್ನೆ ಆಂಬುಲೆನ್ಸ್ ಕರೆಸಿದ್ವಿ. ಚೆಸ್ಟ್ ಪೇನ್ ಅಂದೆ. ಇಸಿಜಿ ತೆಗೆದು, ಹಾರ್ಟ್ ಚೆನ್ನಾಗಿದೆ, ನಾಳೆ ನಿಮ್ಮ ಡಾಕ್ಟರನ್ನ ನೋಡಿ ಅಂದ್ರು. ಹಾರ್ಟೇ ಸರಿ ಇದೆಯಲ್ಲಾ ಅಂತ ಹೋಗಲಿಲ್ಲ. ಚಳಿಜ್ವರ ಮಾತ್ರ ಬಿಡ್ತಿಲ್ಲ."

ಆಂಟಿ ಎಂದದ್ದನ್ನು ನುಂಗಿಕೊಂಡು ಹಿಂದಿನ ಸಾಲಿಗೆ ಕಣ್ಣು ಹಾಯಿಸಿದೆ. ಅವನ ಹೆಂಡತಿ ಕೃತಿ ಆ ಸೆಕೆಯಲ್ಲೂ ಶಾಲು ಹೊದ್ದು ಕೂತಿದ್ದಳು. ಮಗು ಬಲಭುಜದ ಮೇಲಿತ್ತು. ಎಡಗೈಯನ್ನು ಮೈಗೆ ತಾಗದಂತೆ ದೂರ ಹಿಡಿದಿದ್ದಳು.

"ಮಗುಗೆ ಎಷ್ಟು ತಿಂಗಳು?"

"ಒಂದೂವರೆ."

"ಎದೆಹಾಲೇ ತಾನೆ?"

"ಹೂಂ."

"ಹಾಗಾದರೆ ಯಾವ ಎದೆ ಮಯೂರ್? ಹಾರ್ಟೋ, ಮೊಲೆಯೋ?"

ಮೈಕು ಚೆನ್ನಾಗಿ ಕೆಲಸ ಮಾಡುತ್ತಿತ್ತು. ಮಯೂರ್ ಕಿವಿಯವರೆಗೂ ಕೆಂಪಾದ. "ಅವಳು ಎದೆ ಅಂದ್ಳು," ಎಂದ. ಪುಣ್ಯಾತ್ಮನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ನನಗೆ ಅಳು ಬರುವಷ್ಟು ಸಿಟ್ಟು ಬಂತು.

ವೇದಿಕೆ ಇಳಿದು ಕೃತಿಯ ಹತ್ತಿರ ಹೋದೆ. ಮೈ ಕಾದ ಹೆಂಚಾಗಿತ್ತು.

"ಕೆಂಪಾಗಿ ಗಟ್ಟಿಯಾಗಿದೆಯಾ?"

"ಕಲ್ಲಾಗಿದೆ ಆಂಟಿ. ಆಂಬುಲೆನ್ಸಿನಲ್ಲಿ ಬಂದವರು ಇಬ್ಬರೂ ಗಂಡಸರು. ಹೇಳೋಕೆ ನಾಚಿಕೆಯಾಯ್ತು, ನೋವು ಕಡಿಮೆಯಾಯ್ತು ಅಂದುಬಿಟ್ಟೆ. ಎದೆ ಅಂದ್ರೆ ಇವರಿಗಾದ್ರೂ ತಿಳಿಯತ್ತೆ ಅಂದ್ಕೊಂಡಿದ್ದೆ."

"ನಾನು ಹಸುವಿನ ಡಾಕ್ಟರೂ ಅಲ್ಲ ಕಣಮ್ಮ, ತಟ್ಟೆಯ ಡಾಕ್ಟರು. ನಡಿ ಆಸ್ಪತ್ರೆಗೆ," ಎಂದು ಎಬ್ಬಿಸಿಕೊಂಡು ಹೊರಟೆ. ನನಗೆ ಹೊದಿಸಬೇಕಿದ್ದ ಸನ್ಮಾನದ ಶಾಲನ್ನು ಕೊನೆಗೆ ನಾನು ಕೂತಿದ್ದ ಕುರ್ಚಿಗೆ ಹೊದಿಸಿದರಂತೆ.

ಆಸ್ಪತ್ರೆಯಲ್ಲಿ ಸೀದಾ ಒಳಗೆ ಕರೆದುಕೊಂಡರು. ಒಳಗೆ ಕೀವು ಕಟ್ಟಿತ್ತು, ನಂಜು ರಕ್ತಕ್ಕೂ ಇಳಿಯತೊಡಗಿತ್ತು. ಕೀವು ತೆಗೆದು, ಔಷಧಿಯನ್ನು ನರಕ್ಕೇ ಏರಿಸಿದರು. ಇನ್ನೂ ತಡಮಾಡಿದ್ದರೆ ಜೀವಕ್ಕೇ ಕುತ್ತು ಬರುತ್ತಿತ್ತು ಎಂದು ಡಾಕ್ಟರಮ್ಮ ನನ್ನನ್ನು ನೋಡಿ ಹೇಳಿದಳು. ನಾನು ಮಯೂರನನ್ನು ನೋಡಿದೆ. ಅವನು ಮಗುವನ್ನು ಎತ್ತಿಕೊಂಡು ಗೋಡೆ ನೋಡುತ್ತಿದ್ದ.

ಕೃತಿ ಮನೆಗೆ ಬಂದ ವಾರ ಶರಣಬಸಪ್ಪನವರು ನನ್ನನ್ನು ಹಿಲ್ಸ್‌ಬರೋದ ತಮ್ಮ ಮನೆಗೆ ಕರೆಸಿದರು. ಹುಡುಗಿ ಹೇಗಿದ್ದಾಳೆ ಎಂದು ಕೇಳಬಹುದು ಅಂದುಕೊಂಡಿದ್ದೆ, ನನ್ನ ಹುಚ್ಚು.

"ಮೇಡಂ, ಆ ಹುಡುಗಿ ಉಳಿದ್ಲು, ಛಲೋ ಆತು. ಆದ್ರ ತುಂಬಿದ ಸಭಾದಾಗ ಹಂಗ ಅನ್ನಬಾರ್ದಿತ್ತು. ವಾಟ್ಸಾಪ್ ಗ್ರೂಪಿನಾಗ ತಪ್ಪಾತು ಅಂತ ಹಾಕಿಬಿಡ್ರಿ, ಮುಗೀತು. ಎದಿ ಅಂದಿದ್ರ ಸಾಕಿತ್ತು."

"ಎದೆ ಅಂತಲೇ ಸರ್ ಅವಳು ಗಂಡನಿಗೆ ಹೇಳಿದ್ದು."

"ಅದು ಅವರ ಮನಿ ವಿಷಯ. ನಮ್ಮ ಮಂದಿಯೊಳಗ ಹಿಂಗೆಲ್ಲಾ ಇಲ್ಲರಿ."

ಅವರ ಹೆಂಡತಿ ಚಂದ್ರವ್ವ ಆಗ ಚಹಾ ತಂದರು. ಸಂಘದ ಯಾವ ಸಭೆಯಲ್ಲೂ ಒಂದು ಮಾತಾಡಿದವರಲ್ಲ, ಹೋಳಿಗೆ ಮಾತ್ರ ನೂರಾರು ಬೇಯಿಸಿಕೊಟ್ಟವರು. ತಟ್ಟೆಯನ್ನು ಮೇಜಿನ ಮೇಲಿಟ್ಟು, ಗಂಡನ ಕಪ್ಪು ತುಂಬಿಸಿ ಕೈಗೆ ಕೊಟ್ಟು, ಸೆರಗು ಸರಿಮಾಡಿಕೊಂಡರು.

"ನನಗೂ ಬಾತಿತ್ತು, ಮಲಿ," ಎಂದು ತಮ್ಮೂರ ಮಾತಿನಲ್ಲೇ ಮೊಲೆಯ ಹೆಸರು ಹಿಡಿದು ಗಂಡನಿಗೆ ಹೇಳಿದರು. "ಲಾಸ್ಯಾ ಹುಟ್ಟಿದಾಗ. ನೀವು ನೆಗಡಿಜ್ವರ ಅಂದು ಕಷಾಯ ಮಾಡಿ ಕೊಟ್ರಿ. ತಾನ ಒಡದು ಹೋತು. ಆ ಕಡೆ ಹಾಲು ನಿಂತ್ವು."

ಶರಣಬಸಪ್ಪನವರ ಕೈಯ ಕಪ್ಪು ಬಾಯಿಯ ಹತ್ತಿರವೇ ನಿಂತಿತು. ಮಗಳು ಲಾಸ್ಯಾ ಈಗ ಯೂನಿವರ್ಸಿಟಿಯಲ್ಲಿ ಓದುತ್ತಿದ್ದಾಳೆ.

"ಇಷ್ಟು ವರ್ಷ ಆತು," ಎಂದರು ಅವರು. "ನನಗ ಯಾಕ ಹೇಳ್ಲಿಲ್ಲ ನೀ?"

ಚಂದ್ರವ್ವ ನನ್ನ ಕಪ್ಪಿಗೆ ಚಹಾ ಬಗ್ಗಿಸಿದರು.

"ಯಾವ ಶಬ್ದದಾಗ ಹೇಳ್ಲಿರಿ?"